ಬುಸಾನ್‌ನಲ್ಲಿ ಮೊದಲ ದಿನ: ಗುಡ್ಡ ಹತ್ತಿ ಬದುಕು ಕಟ್ಟಿಕೊಂಡವರ ಊರು

ದಕ್ಷಿಣ ಕೊರಿಯಾದ ಬಂದರು ನಗರ ಬುಸಾನ್‌ಗೆ ಹೋದ ನಮ್ಮವರು ಹೆಚ್ಚಾಗಿ ನೇರ ಹೇಉಂಡೇ ಕಡಲತೀರಕ್ಕೆ ಹೋಗುತ್ತಾರೆ. ಗಾಜಿನ ಎತ್ತರದ ಕಟ್ಟಡಗಳ ಮುಂದೆ ಫೋಟೊ ತೆಗೆಸಿಕೊಂಡು ಮರುದಿನ ಸಿಯೋಲ್‌ಗೆ ವಾಪಸ್. ಅದೂ ಚೆಂದವೇ, ಬೇಡ ಅನ್ನುವುದಿಲ್ಲ. ಆದರೆ ಈ ಊರು ಹೇಗೆ ಊರಾಯಿತು ಅನ್ನುವುದು ಗೊತ್ತಾಗಬೇಕಾದರೆ ರೈಲು ನಿಲ್ದಾಣದ ಎದುರಿನ ಗುಡ್ಡ ಹತ್ತಬೇಕು, ಮೀನು ಮಾರುಕಟ್ಟೆಯಲ್ಲಿ ಊಟ ಮಾಡಬೇಕು, ಗೋರಿಗಳ ಮೇಲೆ ಕಟ್ಟಿದ ಮನೆಗಳ ಸಂದಿಯಲ್ಲಿ ನಡೆಯಬೇಕು. ನನ್ನ ಮೊದಲ ದಿನವನ್ನು ಪೂರ್ತಿ ಇದಕ್ಕೇ ಇಟ್ಟುಕೊಂಡಿದ್ದೆ.

ಹೋಗುವ ವ್ಯವಸ್ಥೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಮಗೆ ವೀಸಾ ಮೊದಲೇ ಆಗಿರಬೇಕು, ಅಲ್ಲಿ ಇಳಿದ ಮೇಲೆ ಸಿಗುವುದಿಲ್ಲ. ಸಿಯೋಲ್‌ನಿಂದ ಕೆಟಿಎಕ್ಸ್ ವೇಗದ ರೈಲು ಎರಡೂವರೆ ಮೂರು ಗಂಟೆಯಲ್ಲಿ ಬುಸಾನ್ ಮುಟ್ಟಿಸುತ್ತದೆ. ನಾನು ರಾತ್ರಿ ಬಂದು ನಿಲ್ದಾಣದ ಎದುರಿನ ಚೊರ್ಯಾಂಗ್ ಬಡಾವಣೆಯ ಒಂದು ಸಣ್ಣ ಗೆಸ್ಟ್‌ಹೌಸ್‌ನಲ್ಲಿ ಉಳಿದೆ. ಹೊರಡುವ ಮೊದಲು ಫೋನಿನಲ್ಲಿ ನೇವರ್ ಮ್ಯಾಪ್ ಹಾಕಿಕೊಳ್ಳಿ. ನಾವು ದಿನಾ ಬಳಸುವ ಗೂಗಲ್ ಮ್ಯಾಪ್ ಆ ದೇಶದ ಗಲ್ಲಿಗಳಲ್ಲಿ ನಡೆಯುವವರಿಗೆ ಸರಿಯಾಗಿ ದಾರಿ ತೋರಿಸುವುದಿಲ್ಲ. ಜೊತೆಗೆ ಪಪಾಗೋ ಅನುವಾದದ ಆ್ಯಪ್ ಇರಲಿ. ಮುಂದೆ ನಾನು ಹೇಳುವ ಮಾತುಕತೆಗಳೆಲ್ಲ ಆ ಆ್ಯಪ್ ಮತ್ತು ಕೈಸನ್ನೆಗಳ ನಡುವೆ ಆದದ್ದು.

ಚೊರ್ಯಾಂಗ್, ಬೆಳಗ್ಗೆ

ಅಕ್ಟೋಬರ್ ಕೊನೆಯ ಶನಿವಾರ. ಸೂರ್ಯ ಹುಟ್ಟುವ ಹೊತ್ತಿಗೆ ಹೊರಬಿದ್ದೆ. ಮೈ ನಡುಗುವ ಚಳಿ ಇರಲಿಲ್ಲ, ಆದರೆ ಬಂದರಿನ ಕಡೆಯ ಗಾಳಿಗೆ ಕಿವಿ ತಣ್ಣಗಾಗುತ್ತಿತ್ತು. ಅಂಗಡಿಗಳ ಶಟರ್ ಇನ್ನೂ ಮುಚ್ಚಿದ್ದವು. ಮುಖ್ಯರಸ್ತೆ ಬಿಟ್ಟು ಎರಡು ತಿರುವು ದಾಟಿದರೆ ಎದುರಿಗೆ 168 ಮೆಟ್ಟಿಲು, ನೇರವಾಗಿ ಗುಡ್ಡದ ಸೊಂಟದವರೆಗೆ. ಈ ಮೆಟ್ಟಿಲ ಸಾಲಿಗೆ ಹೆಸರೇ ಅದು, 168 ಮೆಟ್ಟಿಲು. ಬುಡದಲ್ಲಿ ಒಂದು ಹಳೆಯ ಬಾವಿ. ನಲ್ಲಿ ಬರುವ ಮೊದಲು ಮೇಲಿನ ಮನೆಗಳವರೆಲ್ಲ ಇಲ್ಲಿಗೇ ಇಳಿದು ಬಂದು ನೀರು ಹೊತ್ತು ಹತ್ತಬೇಕಿತ್ತು.

ಕೊಡಗಿನಲ್ಲಿ ಹುಟ್ಟಿ ಬೆಳೆದ ನನಗೆ ಏರು ಹೊಸದಲ್ಲ. ಆದರೆ ನಮ್ಮಲ್ಲಿ ಗುಡ್ಡದಲ್ಲಿ ತೋಟ ಇರುತ್ತದೆ, ಮನೆಗಳು ದೂರ ದೂರ. ಇಲ್ಲಿ ಗುಡ್ಡದ ಮೈ ತುಂಬ ಮನೆಗಳೇ. ಒಂದರ ಗೋಡೆಗೆ ಇನ್ನೊಂದು ಆತು ನಿಂತಿದೆ, ಒಬ್ಬರ ಚಾವಣಿ ಮೇಲಿನವರ ಅಂಗಳದ ಮಟ್ಟಕ್ಕೆ ಬರುತ್ತದೆ. ನಡುವೆ ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಒರಗಿ ದಾರಿ ಬಿಡಬೇಕಾದ ಸಂದಿಗಳು. ಮೆಟ್ಟಿಲ ಪಕ್ಕದಲ್ಲಿ ಥರ್ಮೋಕೋಲ್ ಮೀನಿನ ಪೆಟ್ಟಿಗೆಗಳಲ್ಲಿ ಮಣ್ಣು ತುಂಬಿ ಮೆಣಸಿನ ಗಿಡ, ಈರುಳ್ಳಿ ಸೊಪ್ಪು, ಎಲೆಕೋಸು ಬೆಳೆಸಿದ್ದರು. ಒಂದು ಪೆಟ್ಟಿಗೆಯೊಳಗಿನ ಮೆಣಸು ಪೂರ್ತಿ ಕೆಂಪಾಗಿತ್ತು. ಮನೆಯವರು ಹಣ್ಣಾದದ್ದನ್ನು ಕಿತ್ತು ಅಲ್ಲೇ ಮೆಟ್ಟಿಲ ಮೇಲೆ ದಿನಪತ್ರಿಕೆ ಹಾಸಿ ಒಣಗಲು ಇಟ್ಟು, ಗಾಳಿಗೆ ಹಾರದಂತೆ ನಾಲ್ಕು ಮೂಲೆಗೂ ಕಲ್ಲು ಹೇರಿದ್ದರು.

ಅರ್ಧ ದಾರಿಯಲ್ಲಿ ಒಬ್ಬ ಅಜ್ಜ ತರಕಾರಿ ಚೀಲ ಪಕ್ಕಕ್ಕಿಟ್ಟು ಕೂತಿದ್ದರು. ತಲೆಬಾಗಿ ನಮಸ್ಕರಿಸಿದೆ, ಅವರೂ ತಲೆ ಬಾಗಿಸಿದರು. ಎಲ್ಲಿಯವಳು ಅಂದರು. ಭಾರತ ಅಂದೆ. ಫೋನನ್ನು ಅವರ ಮುಂದೆ ಹಿಡಿದೆ. "ಚಿಕ್ಕವನಾಗಿದ್ದಾಗ ದಿನಕ್ಕೆ ಎರಡು ಸಲ ಆ ಬಾವಿಯಿಂದ ನೀರು ಹೊರುತ್ತಿದ್ದೆ. ಅಮ್ಮ ತುಳುಕಿಸಬೇಡ ತುಳುಕಿಸಬೇಡ ಅಂತ ಮೇಲಿಂದ ಕೂಗೋಳು," ಎಂದರು. ಅವರ ಅಪ್ಪ ಬಂದರಿನಲ್ಲಿ ಮೂಟೆ ಹೊರುವವರಂತೆ. ಕೆಳಗೆ ಹಡಗು ಬಂದದ್ದು ಇಲ್ಲಿಂದ ಕಾಣುತ್ತದೆ. ಕಂಡ ತಕ್ಷಣ ಗಂಡಸರೆಲ್ಲ ಕೆಲಸ ಹಿಡಿಯಲು ಈ ಮೆಟ್ಟಿಲಲ್ಲಿ ಓಡಿ ಇಳಿಯುತ್ತಿದ್ದರು. ಚೀಲ ನಾನು ಹೊರುತ್ತೇನೆ ಅಂದೆ. ಅವರು ಒಪ್ಪಲಿಲ್ಲ. ಮೂಲಂಗಿಯ ಸೊಪ್ಪಿನ ತುದಿ ಚೀಲದಿಂದ ಹೊರಗೆ ಇಣುಕುತ್ತಿತ್ತು. ಎದ್ದು, ಒಂದೊಂದೇ ಮೆಟ್ಟಿಲು, ನನ್ನ ಮುಂದೆಯೇ ಹತ್ತಿ ಹೋದರು.

ಇತಿಹಾಸ ಸ್ವಲ್ಪ ಹೇಳದೆ ಈ ಮನೆಗಳು ಅರ್ಥವಾಗುವುದಿಲ್ಲ. 1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಶುರುವಾಗಿ, ಉತ್ತರದ ಸೈನ್ಯ ಕೆಲವೇ ವಾರಗಳಲ್ಲಿ ಹೆಚ್ಚುಕಡಿಮೆ ಇಡೀ ದೇಶವನ್ನು ಹಿಡಿದಾಗ ಕೈಗೆ ಸಿಗದೆ ಉಳಿದದ್ದು ಆಗ್ನೇಯದ ಈ ಮೂಲೆ. ಬುಸಾನ್ ತಾತ್ಕಾಲಿಕ ರಾಜಧಾನಿಯಾಯಿತು. ದೇಶದ ಎಲ್ಲ ದಿಕ್ಕಿನಿಂದ ಜನ ಓಡಿ ಬಂದರು. ಆ ವರ್ಷದ ಡಿಸೆಂಬರ್‌ನಲ್ಲಿ ಉತ್ತರದ ಹುಂಗ್ನಾಮ್ ಬಂದರು ಒಂದರಿಂದಲೇ ಸುಮಾರು 1 ಲಕ್ಷ ನಾಗರಿಕರನ್ನು ಹಡಗುಗಳಲ್ಲಿ ತುಂಬಿ ದಕ್ಷಿಣಕ್ಕೆ ತಂದರು. ಬುಸಾನ್‌ನಲ್ಲಿ ಸಮತಟ್ಟಾದ ನೆಲ ಮೊದಲೇ ಕಡಿಮೆ. ಬಂದವರಿಗೆ ಉಳಿದದ್ದು ಗುಡ್ಡ. ರಟ್ಟು, ಹಲಗೆ, ಸೈನ್ಯದವರು ಎಸೆದ ತಗಡು, ಸಿಕ್ಕಿದ್ದರಲ್ಲಿ ಗೂಡು ಕಟ್ಟಿಕೊಂಡರು. 1953ರ ನವೆಂಬರ್‌ನಲ್ಲಿ ರೈಲು ನಿಲ್ದಾಣದ ಸುತ್ತ ದೊಡ್ಡ ಬೆಂಕಿ ಬಿದ್ದು ಕೆಳಗಿದ್ದ ಸಾವಿರಾರು ಮಂದಿಯ ಮನೆ ಸುಟ್ಟಾಗ ಅವರೂ ಇನ್ನಷ್ಟು ಮೇಲಕ್ಕೆ ಹೋದರು.

ಮೆಟ್ಟಿಲು ಮುಗಿದಲ್ಲಿ ಗುಡ್ಡದ ಸೊಂಟಕ್ಕೆ ಸುತ್ತಿದ ರಸ್ತೆ ಸಿಗುತ್ತದೆ. ಇಲ್ಲಿ ಒಂದು ವಿಚಿತ್ರ ನೋಡಿ ನಿಂತೇಬಿಟ್ಟೆ: ರಸ್ತೆ ಬದಿಯಲ್ಲಿ ಸಾಲಾಗಿ ಕಾರುಗಳು, ಅವು ನಿಂತಿರುವುದು ಮನೆಗಳ ತಾರಸಿಯ ಮೇಲೆ. ಇಳಿಜಾರಿನಲ್ಲಿ ಕಟ್ಟಿದ ಮನೆಯ ತಾರಸಿ ರಸ್ತೆಯ ಮಟ್ಟಕ್ಕೆ ಬರುವುದರಿಂದ ಅದೇ ಪಾರ್ಕಿಂಗ್. ಮನೆಯವರು ಕಾರು ನಿಲ್ಲಿಸಿ, ಪಕ್ಕದ ಮೆಟ್ಟಿಲಿಳಿದು ತಮ್ಮ ಮನೆಯ ಬಾಗಿಲಿಗೆ ಹೋಗುತ್ತಾರೆ. ಕಾರುಗಳ ಆಚೆ ನೀಲಿ ನೀರಿನ ಟ್ಯಾಂಕುಗಳು, ಅದರಾಚೆ ಬಂದರಿನ ಕ್ರೇನುಗಳು, ಹಡಗುಗಳು, ಬಿಸಿಲು ಬೀಳತೊಡಗಿದ ಸಮುದ್ರ.

ಕೆಳಗಿಳಿದು ನಿಲ್ದಾಣದ ಹತ್ತಿರದ ಒಂದು ಹೋಟೆಲಿನಲ್ಲಿ ದ್ವೇಜಿ ಗುಕ್‌ಬಾಪ್ ತಿಂದೆ. ಹಂದಿ ಎಲುಬು ಗಂಟೆಗಟ್ಟಲೆ ಕುದಿಸಿದ ಸಾರಿಗೆ ಮಾಂಸದ ತೆಳು ಹೋಳು, ಅನ್ನ. ಬುಸಾನ್‌ನವರ ದಿನನಿತ್ಯದ ಊಟ, ಬೆಳಗ್ಗೆಯೂ ಸೈ, ನಡುರಾತ್ರಿಯೂ ಸೈ. ನಮ್ಮ ಪಂದಿಕರಿಯ ಕಪ್ಪು, ಕಾಚಂಪುಳಿಯ ಹುಳಿ ನಾಲಗೆಯಲ್ಲಿಟ್ಟುಕೊಂಡು ಹೋದರೆ ಈ ಬಿಳಿ ಸಾರು ಮೊದಲ ಚಮಚಕ್ಕೆ ಸಪ್ಪೆ. ಅದಕ್ಕೆ ರುಚಿ ಕೊಡುವ ಕೆಲಸ ತಿನ್ನುವವರದ್ದು: ಉಪ್ಪು ಹಾಕಿದ ಪುಟ್ಟ ಸಿಗಡಿ, ಮೆಣಸಿನ ಪೇಸ್ಟು, ಖಾರ ಕಲಸಿದ ಬೆಳ್ಳುಳ್ಳಿ ಸೊಪ್ಪು ಎಲ್ಲ ಮೇಜಿನ ಮೇಲಿರುತ್ತದೆ. ಪಕ್ಕದ ಮೇಜಿನ ಟ್ಯಾಕ್ಸಿ ಚಾಲಕರು ನನ್ನನ್ನು ನೋಡುತ್ತಿದ್ದರು. ಕಡೆಗೆ ತಡೆಯಲಾರದೆ ಎದ್ದು ಬಂದು, ನನ್ನ ಬಟ್ಟಲಿಗೆ ಸೊಪ್ಪನ್ನೆಲ್ಲ ಸುರಿದು, ಸಿಗಡಿ ಅರ್ಧ ಚಮಚ ಹಾಕಿ, ಈಗ ತಿನ್ನು ಅನ್ನುವಂತೆ ಕೈ ಮಾಡಿದರು. ಅವರು ಹಾಕಿದ ಅಳತೆ ಸರಿಯಾಗಿತ್ತು. ಸುಮಾರು 10,000 ವಾನ್, ಅಂದರೆ ಆರುನೂರು ರೂಪಾಯಿಯ ಆಸುಪಾಸು. ಕಿಮ್ಚಿ, ಹಸಿಮೆಣಸು, ಈರುಳ್ಳಿ ಎಷ್ಟು ಕೇಳಿದರೂ ದುಡ್ಡಿಲ್ಲದೆ ಕೊಡುತ್ತಾರೆ. ಟಿಪ್ಸ್ ಕೊಡುವ ರೂಢಿ ಇಲ್ಲ.

ಹುಲ್ಲಿನ ಮೇಲೆ ಸಾವಿರಾರು ಕಲ್ಲು

ಮೆಟ್ರೋ ಹಿಡಿದು ಸೊಮ್ಯಾನ್‌ನಲ್ಲಿ ಎರಡನೇ ಲೈನಿಗೆ ಬದಲಾಯಿಸಿ ದೇಯಾನ್‌ನಲ್ಲಿ ಇಳಿದೆ. ಅಲ್ಲಿಂದ ಹದಿನೈದು ನಿಮಿಷದ ನಡಿಗೆ, ವಿಶ್ವಸಂಸ್ಥೆಯ ಸ್ಮಾರಕ ಸ್ಮಶಾನ. ಪ್ರಪಂಚದಲ್ಲಿ ವಿಶ್ವಸಂಸ್ಥೆಯ ಹೆಸರಿನಲ್ಲಿರುವ ಸ್ಮಶಾನ ಇದೊಂದೇ. 1951ರಲ್ಲಿ, ಯುದ್ಧ ನಡೆಯುತ್ತಿರುವಾಗಲೇ ಶುರುವಾದದ್ದು. ಬ್ರಿಟನ್, ಟರ್ಕಿ, ಕೆನಡಾ, ಆಸ್ಟ್ರೇಲಿಯಾ, ನೆದರ್‌ಲೆಂಡ್ಸ್ ಹೀಗೆ ಬೇರೆ ಬೇರೆ ದೇಶದ 2,300ಕ್ಕೂ ಹೆಚ್ಚು ಮಂದಿ ಇಲ್ಲಿದ್ದಾರೆ. ಪ್ರವೇಶಕ್ಕೆ ಹಣವಿಲ್ಲ.

ಸಾಲು ಸಾಲು ಗುಲಾಬಿ ಗಿಡ, ಒಂದೊಂದು ಕಲ್ಲಿನ ಮೇಲೂ ವಯಸ್ಸು. 19, 21, 20, 22. ಹದಿನೇಳು ವರ್ಷದ ಒಬ್ಬ ಆಸ್ಟ್ರೇಲಿಯಾದ ಹುಡುಗನೂ ಇಲ್ಲಿದ್ದಾನೆ. ಇಲ್ಲಿ ಹೂತವರಲ್ಲಿ ಎಲ್ಲರಿಗಿಂತ ಚಿಕ್ಕವನು. ಅವನ ಹೆಸರನ್ನು ನಡುವೆ ಹರಿಯುವ ನೀರಿನ ಕಾಲುವೆಗೆ ಇಟ್ಟಿದ್ದಾರೆ. ಪ್ರತಿ ವರ್ಷ ನವೆಂಬರ್ 11ರಂದು ಬೆಳಗ್ಗೆ 11 ಗಂಟೆಗೆ ಒಂದು ನಿಮಿಷ ಬುಸಾನ್ ಕಡೆಗೆ ಮುಖ ಮಾಡಿ ನಿಲ್ಲುವ ಪದ್ಧತಿ ಬೇರೆ ಬೇರೆ ದೇಶಗಳಲ್ಲಿದೆ.

ನಾನು ಇಲ್ಲಿಗೆ ಬಂದದ್ದಕ್ಕೆ ಬೇರೆ ಕಾರಣವೂ ಇತ್ತು. ಭಾರತ ಈ ಯುದ್ಧಕ್ಕೆ ಬಂದೂಕು ಹಿಡಿದವರನ್ನು ಕಳುಹಿಸಲಿಲ್ಲ, ವೈದ್ಯರನ್ನು ಕಳುಹಿಸಿತು. 60ನೇ ಪ್ಯಾರಾಶೂಟ್ ಫೀಲ್ಡ್ ಆ್ಯಂಬುಲೆನ್ಸ್, ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ಅವರ ನಾಯಕತ್ವದಲ್ಲಿ ಮುನ್ನೂರಕ್ಕೂ ಹೆಚ್ಚು ಜನ, 1950ರ ನವೆಂಬರ್‌ನಲ್ಲಿ ಇದೇ ಬುಸಾನ್‌ನಲ್ಲಿ ಹಡಗಿನಿಂದ ಇಳಿದರು. ಮೂರು ವರ್ಷಕ್ಕೂ ಹೆಚ್ಚು ಕಾಲ ಇದ್ದು, ಗಾಯಗೊಂಡ ಸೈನಿಕರ ಜೊತೆಗೆ ಊರ ಜನರಿಗೂ ಔಷಧಿ ಕೊಟ್ಟರು. 1951ರ ಮಾರ್ಚ್‌ನಲ್ಲಿ ಅಮೆರಿಕದ ಸೈನಿಕರೊಂದಿಗೆ ಇವರ ಒಂದು ತಂಡವೂ ಪ್ಯಾರಾಶೂಟ್ ಕಟ್ಟಿಕೊಂಡು ಯುದ್ಧಭೂಮಿಗೆ ಧುಮುಕಿತ್ತು.

ಇನ್ನು ನಮ್ಮ ಜನರಲ್ ತಿಮ್ಮಯ್ಯ. ಮಡಿಕೇರಿಯ ಅವರ ಮನೆ ಸನ್ನಿ ಸೈಡ್ ಈಗ ವಸ್ತುಸಂಗ್ರಹಾಲಯ. ಕೊಡಗಿನ ಮಕ್ಕಳಿಗೆ ಅವರ ಹೆಸರು ಬಾಯಿಪಾಠ. ಕದನ ನಿಂತ ಮೇಲೆ, ತಮ್ಮ ದೇಶಕ್ಕೆ ಮರಳಲು ಒಪ್ಪದ 22,000ಕ್ಕೂ ಹೆಚ್ಚು ಯುದ್ಧಕೈದಿಗಳನ್ನು ಏನು ಮಾಡುವುದು ಎಂಬ ಪ್ರಶ್ನೆ ಬಂದಾಗ, ಅದಕ್ಕಾಗಿ ಮಾಡಿದ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿ 1953ರಲ್ಲಿ ಕೊರಿಯಾಕ್ಕೆ ಬಂದವರು ಅವರು. ಆಗಿನ ದಕ್ಷಿಣ ಕೊರಿಯಾ ಅಧ್ಯಕ್ಷ ಸಿಂಗ್‌ಮನ್ ರೀ ಭಾರತದ ಸೈನಿಕರು ತಮ್ಮ ನೆಲ ಮುಟ್ಟಕೂಡದು ಅಂದುಬಿಟ್ಟರು. ಹಾಗಾಗಿ ಕೈದಿಗಳನ್ನು ಕಾಯಬೇಕಿದ್ದ ನಮ್ಮ ಪಡೆಯನ್ನು ಹಡಗಿನಿಂದ ನೇರ ಹೆಲಿಕಾಪ್ಟರ್‌ಗಳಲ್ಲಿ ಎತ್ತಿ ಗಡಿಯ ನಿಶ್ಶಸ್ತ್ರ ವಲಯಕ್ಕೆ ಒಯ್ಯಬೇಕಾಯಿತು. ಎರಡೂ ಕಡೆಯವರ ಸಿಟ್ಟಿನ ನಡುವೆ ನಿಂತು, ಕೈದಿಗಳ ಮೇಲೆ ಬಲವಂತ ಆಗದಂತೆ ನೋಡಿಕೊಳ್ಳುವುದು ಯುದ್ಧಕ್ಕಿಂತ ಸುಲಭದ ಕೆಲಸವಾಗಿರಲಾರದು. ಬಾವುಟಗಳ ಸಾಲಿನ ಮುಂದೆ ತುಂಬ ಹೊತ್ತು ನಿಂತಿದ್ದೆ. ಶಾಲೆಯ ಮಕ್ಕಳ ಗುಂಪೊಂದು ಬಂತು, ಟೀಚರ್ ಏನೋ ಹೇಳಿದರು, ಮಕ್ಕಳೆಲ್ಲ ಟೋಪಿ ತೆಗೆದರು.

ಜಗಲ್ಚಿ, ಯೊಂಗ್ದೊ ಸೇತುವೆ

ಜಗಲ್ಚಿ ಕೊರಿಯಾದ ಅತ್ಯಂತ ಹೆಸರುವಾಸಿ ಮೀನು ಮಾರುಕಟ್ಟೆ. ಮೆಟ್ರೋದಿಂದ ಮೇಲೆ ಬರುವ ಮೊದಲೇ ವಾಸನೆ ಮೂಗಿಗೆ ಬಡಿಯುತ್ತದೆ. ದೊಡ್ಡ ಕಟ್ಟಡದ ಒಳಗೆ ಕೆಳಗಡೆ ಜೀವಂತ ಮೀನು ಆರಿಸಿ ಕೊಂಡರೆ ಮೇಲಿನ ಮಹಡಿಯಲ್ಲಿ ಕತ್ತರಿಸಿ, ಬೇಯಿಸಿ ಕೊಡುತ್ತಾರೆ. ಮೇಜಿಗೆ, ಅಡುಗೆಗೆ ಪ್ರತ್ಯೇಕ ಹಣ, ಆದ್ದರಿಂದ ಒಟ್ಟು ಎಷ್ಟಾಗುತ್ತದೆ ಎಂದು ಕೆಳಗೇ ಕೇಳಿಕೊಳ್ಳಿ. ಆದರೆ ಒಬ್ಬರೇ ಹೋದವರಿಗೆ ಕಟ್ಟಡಕ್ಕಿಂತ ಅದರ ಹೊರಗಿನ ಗಲ್ಲಿ ಒಳ್ಳೆಯದು. ಅಲ್ಲಿ ಹೆಂಗಸರು ತಗ್ಗು ಸ್ಟೂಲಿನ ಮೇಲೆ ಕೂತು ಮಾರುತ್ತಾರೆ. ಗುಲಾಬಿ ರಬ್ಬರ್ ಗ್ಲೌಸು, ಮೊಣಕಾಲವರೆಗೆ ಬೂಟು, ಹೂವಿನ ಚಿತ್ರದ ಏಪ್ರನ್. ಗಂಡನನ್ನು ಯುದ್ಧದಲ್ಲಿ ಕಳೆದುಕೊಂಡ, ಇಲ್ಲವೇ ಊರು ಬಿಟ್ಟು ಬಂದ ಹೆಂಗಸರು ಒಂದು ಬುಟ್ಟಿ ಮೀನಿಟ್ಟುಕೊಂಡು ಕೂತು ಬೆಳೆಸಿದ ಮಾರುಕಟ್ಟೆ ಇದು.

ಒಬ್ಬಾಕೆ ಹಾವಿನ ಹಾಗೆ ತೆಳ್ಳಗಿರುವ ಕೊಮ್ಜಾಂಗೊ ಎಂಬ ಮೀನಿನ ಚರ್ಮ ಸುಲಿಯುತ್ತಿದ್ದಳು. ಹಲಗೆಯ ಮೇಲೆ ಒಂದು ಮೊಳೆ. ಮೀನಿನ ತಲೆಯನ್ನು ಅದಕ್ಕೆ ಚುಚ್ಚಿ, ಕುತ್ತಿಗೆಯ ಸುತ್ತ ಚಾಕು ಆಡಿಸಿ, ಎಡಗೈಯಲ್ಲಿ ಒಂದೇ ಸಲ ಎಳೆದರೆ ಚರ್ಮ ಕಾಲ್ಚೀಲ ಕಳಚಿದಂತೆ ಬಂದುಬಿಡುತ್ತದೆ. ಕಣ್ಣು ನನ್ನ ಕಡೆ, ಬಾಯಿ ಪಕ್ಕದವಳ ಜೊತೆ, ಕೈ ಮಾತ್ರ ತನ್ನಷ್ಟಕ್ಕೆ. ಹಿಂದೆ ಈ ಮೀನನ್ನು ಹಿಡಿಯುತ್ತಿದ್ದದ್ದು ಚರ್ಮಕ್ಕಾಗಿ, ಚೀಲ ಪರ್ಸು ಮಾಡಲು. ಬೇಡವೆಂದು ಬಿಟ್ಟ ಮಾಂಸವನ್ನು ಹಸಿದವರು ಕೆಂಡದ ಮೇಲೆ ಸುಟ್ಟು ತಿಂದರು. ಈಗ ಅದೇ ಬುಸಾನ್‌ನ ಪ್ರಸಿದ್ಧ ತಿನಿಸು.

ಸುಟ್ಟ ಮೀನಿನ ಊಟ ಕೊಡುವ ಅಂಗಡಿಗಳ ಸಾಲಿನಲ್ಲಿ ಕೆಲವರು ಇಬ್ಬರಿಗಿಂತ ಕಡಿಮೆ ಜನಕ್ಕೆ ಬಡಿಸುವುದಿಲ್ಲ. ಬಾಗಿಲಲ್ಲೇ ಒಂದು ಬೆರಳು ತೋರಿಸಿ ಕೇಳಬೇಕು. ಒಬ್ಬಾಕೆ ಬಾ ಅಂದಳು. "ಒಬ್ಬಳೇ ಬಂದಿದ್ದೀಯಾ? ಭಾರತದಿಂದ? ಅಮ್ಮ ಹೇಗೆ ಬಿಟ್ಟರು?" ಎಂದು ಕೇಳುತ್ತಲೇ ದೊಡ್ಡ ಕಾವಲಿಯ ಮೇಲೆ ಮೀನು ಮಗುಚಿದಳು. ಅಮ್ಮನೇ ದುಡ್ಡು ಕೊಟ್ಟು ಕಳುಹಿಸಿದರು ಅಂದೆ. ಆಕೆ ಒಳಗೆ ಅಡುಗೆಮನೆಗೆ ಕೂಗಿ ಅದನ್ನು ಹೇಳಿದಳು, ಒಳಗಿನವರೂ ನಕ್ಕರು. ಬಂಗುಡೆಯ ಜಾತಿಯ ದಪ್ಪ ಮೀನು, ಇನ್ನೆರಡು ತರಹದ ಮೀನು, ಅನ್ನ, ಸೋಯಾಬೀನ್ ಸಾರು, ಕಡಲಪಾಚಿ, ಸಿಹಿಖಾರದ ಒಣಮೀನು. ಮಸಾಲೆ ಏನೂ ಇಲ್ಲ, ಬರೀ ಉಪ್ಪು. ಅಷ್ಟು ತಾಜಾ ಮೀನಿಗೆ ಉಪ್ಪು ಸಾಕು ಎಂದು ನನಗೆ ಮನವರಿಕೆಯಾಯಿತು. ಲೋಹದ ಚಪ್ಪಟೆ ಚಾಪ್‌ಸ್ಟಿಕ್ಕಿನಲ್ಲಿ ಮುಳ್ಳು ಬಿಡಿಸಲು ನಾನು ನಿಧಾನ ಮಾಡುವುದನ್ನು ನೋಡಿ ಆಕೆ ಬಂದು ಮೀನಿನ ಬೆನ್ನು ಒತ್ತಿ, ನಡುಮುಳ್ಳು ಪೂರ್ತಿ ಎತ್ತಿ ಬದಿಗಿಟ್ಟು ಹೋದಳು.

ಎರಡು ಗಂಟೆಗೆ ಸೇತುವೆ. ಅದಕ್ಕೆಂದೇ ಶನಿವಾರ ಆರಿಸಿಕೊಂಡಿದ್ದೆ. ಯೊಂಗ್ದೊ ದ್ವೀಪಕ್ಕೆ ಹೋಗುವ ಈ ಸೇತುವೆ 1934ರಲ್ಲಿ ಆದದ್ದು. ಹಡಗಿಗೆ ದಾರಿ ಬಿಡಲು ಅದರ ಒಂದು ತುಂಡು ಮೇಲೆದ್ದು ನಿಲ್ಲುತ್ತದೆ. 1966ರಲ್ಲಿ ಎತ್ತುವುದು ನಿಂತಿತು, ಹೊಸದಾಗಿ ಕಟ್ಟಿ 2013ರಿಂದ ಮತ್ತೆ ಎತ್ತುತ್ತಿದ್ದಾರೆ. ಈಗ ಶನಿವಾರ ಮಧ್ಯಾಹ್ನ ಎರಡಕ್ಕೆ ಹದಿನೈದು ನಿಮಿಷ ಮಾತ್ರ. ಹತ್ತು ನಿಮಿಷ ಮೊದಲು ಹೋಗಿ ಜಗಲ್ಚಿ ಕಡೆಯ ದಂಡೆಯಲ್ಲಿ ನಿಲ್ಲುವುದು ಒಳ್ಳೆಯದು.

ಯುದ್ಧದ ಗದ್ದಲದಲ್ಲಿ ಮನೆ ಬಿಟ್ಟು ಓಡುವಾಗ ಉತ್ತರದ ಎಷ್ಟೋ ಮಂದಿಗೆ ಬುಸಾನ್‌ನಲ್ಲಿ ಗೊತ್ತಿದ್ದ ಜಾಗ ಇದೊಂದೇ. ಮೇಲೇಳುವ ಸೇತುವೆ ಎಂದು ದೇಶಕ್ಕೆಲ್ಲ ಪ್ರಸಿದ್ಧವಾಗಿತ್ತು. "ಒಬ್ಬರಿಗೊಬ್ಬರು ತಪ್ಪಿಹೋದರೆ ಯೊಂಗ್ದೊ ಸೇತುವೆ ಹತ್ತಿರ ಸಿಗೋಣ" ಎಂದು ಹೇಳಿಕೊಂಡು ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ ಆದರು. ಬಂದು ತಲುಪಿದವರು ಕಂಬಿಗಳಿಗೆ ಹೆಸರು ಬರೆದ ಚೀಟಿ ಅಂಟಿಸಿ ದಿನಗಟ್ಟಲೆ ಕಾದರು. ಬರುತ್ತಾರೋ ಇಲ್ಲವೋ ಎಂದು ಕೇಳುವವರು ಇದ್ದಲ್ಲಿ ಹೇಳುವವರೂ ಸೇರುತ್ತಾರೆ. ಸೇತುವೆಯ ಬುಡದಲ್ಲಿ ಕಣಿ ಹೇಳುವವರದೇ ಒಂದು ಸಾಲು ಹುಟ್ಟಿತ್ತು.

ಸೈರನ್ ಆಯಿತು, ವಾಹನಗಳು ನಿಂತವು, ಧ್ವನಿವರ್ಧಕದಲ್ಲಿ ಹಳೆಯ ಹಾಡು ಶುರುವಾಯಿತು. ರಸ್ತೆಯ ಒಂದು ತುಂಡು, ಅದರ ಮೇಲಿನ ಬಿಳಿ ಗೆರೆಗಳ ಸಮೇತ, ನಿಧಾನ ಮೇಲೇಳತೊಡಗಿತು. ಸುತ್ತಲಿದ್ದವರು ಫೋನ್ ಎತ್ತಿದರು. ನನ್ನ ಪಕ್ಕದಲ್ಲಿ ಗಾಲಿಕುರ್ಚಿಯಲ್ಲಿ ಒಬ್ಬ ಅಜ್ಜಿ, ಹಿಂದೆ ಮಗಳಿರಬೇಕು. ಅಜ್ಜಿ ಫೋನ್ ಎತ್ತಲಿಲ್ಲ, ಆ ಹಾಡಿನ ಎಲ್ಲ ಸಾಲನ್ನೂ ಬಾಯಲ್ಲಿ ಹೇಳಿಕೊಳ್ಳುತ್ತಿದ್ದರು. ಗಾಳಿ ಜೋರಾಗಿತ್ತು. ಅವರ ಮೊಣಕಾಲ ಮೇಲಿನ ಶಾಲು ಹಾರಿ ನನ್ನ ಕಾಲಿಗೆ ಸುತ್ತಿಕೊಂಡಿತು. ಮಡಚಿ ಕೊಟ್ಟೆ. ನನ್ನ ಕೈ ಹಿಡಿದು ಏನೋ ಅಂದರು. ಮಗಳು ಇಂಗ್ಲಿಷಿನಲ್ಲಿ ಹೇಳಿದಳು: "ಅವರ ಅಣ್ಣನಿಗಾಗಿ ಇಲ್ಲಿಗೆ ಬರುತ್ತಿದ್ದರು. ಅಣ್ಣ ಬರಲಿಲ್ಲ." ಅಜ್ಜಿ ಮಾತ್ರ ನನ್ನ ಕೈ ಬಿಡದೆ ಸೇತುವೆಯನ್ನೇ ನೋಡುತ್ತಿದ್ದರು.

ಪುಸ್ತಕ, ಪರ್ಸಿಮನ್, ಗೋರಿಕಲ್ಲು

ಅಲ್ಲಿಂದ ನಾಂಪೊ ಬೀದಿಗಳನ್ನು ದಾಟಿ, ಹೊಟ್ಟೊಕ್ ಎಂಬ ಬಿಸಿ ಸಿಹಿ ರೊಟ್ಟಿ ಒಂದು ಕೊಂಡು, ಅದರೊಳಗಿನ ಬೆಲ್ಲದಂಥ ಪಾಕ ಸೂರ್ಯಕಾಂತಿ ಬೀಜದ ಜೊತೆ ಕೈಗೆ ಸೋರದಂತೆ ತಿನ್ನುತ್ತ, ಗುಕ್ಜೆ ಮಾರುಕಟ್ಟೆಯ ಮೂಲಕ ಬೊಸು-ದೊಂಗ್ ಪುಸ್ತಕದ ಗಲ್ಲಿ ಸೇರಿದೆ. ಯುದ್ಧದ ಕಾಲದಲ್ಲಿ ಉತ್ತರದಿಂದ ಬಂದ ದಂಪತಿ ಇಲ್ಲಿ ಸೈನಿಕರು ಓದಿ ಬಿಟ್ಟ ಪತ್ರಿಕೆ, ಹಳೆ ಪುಸ್ತಕ ಹರಡಿ ಮಾರತೊಡಗಿದರು. ಸಿಯೋಲ್‌ನ ಕಾಲೇಜುಗಳು ಆಗ ಬುಸಾನ್‌ಗೆ ಬಂದು ಗುಡ್ಡದಲ್ಲಿ ಡೇರೆ ಹಾಕಿ ಪಾಠ ಮಾಡುತ್ತಿದ್ದವು, ಹುಡುಗರು ಇದೇ ದಾರಿಯಲ್ಲಿ ಓಡಾಡುತ್ತಿದ್ದರು. ಪುಸ್ತಕ ಕೊಳ್ಳಲು, ಹಸಿವಾದಾಗ ಅದೇ ಪುಸ್ತಕ ಮಾರಲು. ಈಗ ಅಂಗಡಿಗಳು ಕಡಿಮೆಯಾಗುತ್ತಿವೆ. ಓದಲು ಬಾರದ ಲಿಪಿಯಾದರೂ ಒಂದು ಮಕ್ಕಳ ಚಿತ್ರಪುಸ್ತಕ ಕೊಂಡೆ.

ತೊಸಾಂಗ್ ನಿಲ್ದಾಣದ ಹೊರಗಿನಿಂದ ಗುಡ್ಡಕ್ಕೆ ಪುಟ್ಟ ಬಸ್ಸು. ಮೆಟ್ರೋದಲ್ಲಿ ಬಳಸಿದ ಟಿ-ಮನಿ ಕಾರ್ಡು ಇಲ್ಲೂ ನಡೆಯುತ್ತದೆ. ಇಳಿಯುವಾಗಲೂ ಅದನ್ನು ಯಂತ್ರಕ್ಕೆ ತೋರಿಸಿದರೆ ಸ್ವಲ್ಪ ಹೊತ್ತಿನೊಳಗೆ ಹತ್ತುವ ಮುಂದಿನ ವಾಹನಕ್ಕೆ ರಿಯಾಯಿತಿ ಸಿಗುತ್ತದೆ. ಬುಸಾನ್‌ನ ಬಸ್ ಚಾಲಕರ ವೇಗ ಕೊರಿಯಾದಲ್ಲೇ ಹೆಸರಾದದ್ದು, ಹತ್ತಿದ ಕೂಡಲೇ ಏನನ್ನಾದರೂ ಗಟ್ಟಿಯಾಗಿ ಹಿಡಿದುಕೊಳ್ಳಿ. ಒಂದು ಕಡಿದಾದ ತಿರುವಿನಲ್ಲಿ ಮುಂದಿನ ಸೀಟಿನ ಅಜ್ಜಿಯ ಚೀಲ ಮಗುಚಿತು. ಕಿತ್ತಳೆ ಬಣ್ಣದ ಪರ್ಸಿಮನ್ ಹಣ್ಣುಗಳು ಬಸ್ಸಿನ ಉದ್ದಕ್ಕೂ ಹಿಂದಕ್ಕೆ ಉರುಳಿದವು. ಮುಂದಿನ ಇಳಿಜಾರಿಗೆ ಎಲ್ಲವೂ ಸೇರಿ ಮುಂದಕ್ಕೆ ಬಂದವು. ಶಾಲೆಯ ಹುಡುಗರು, ನಾನು, ಒಬ್ಬ ನರ್ಸ್, ಎಲ್ಲ ಬಗ್ಗಿ ಹಿಡಿದೆವು. ಚಾಲಕ ಮುಂದಿನ ಸ್ಟಾಪಿನಲ್ಲಿ ಬಸ್ಸು ನಿಲ್ಲಿಸಿ, ಹಿಂದೆ ತಿರುಗಿ, ಎಲ್ಲ ಸಿಕ್ಕಿತೇ ಎಂದು ಕೇಳಿ, ಅಜ್ಜಿ ಎಣಿಸಿ ಮುಗಿಸುವವರೆಗೆ ಹೊರಡಲಿಲ್ಲ. ಹೆಕ್ಕಿಕೊಟ್ಟ ಪ್ರತಿಯೊಬ್ಬರಿಗೂ ಅಜ್ಜಿ ಒಂದೊಂದು ಹಣ್ಣು ಕೊಟ್ಟರು. ಬೇಡ ಅಂದ ನರ್ಸಿನ ಕೋಟಿನ ಜೇಬಿಗೇ ತುರುಕಿದರು.

ಅಮಿ-ದೊಂಗ್‌ನಲ್ಲಿ ಇಳಿದೆ. ಹೆಚ್ಚಿನ ಪ್ರವಾಸಿಗರು ಇಲ್ಲಿ ಇಳಿಯದೆ ಮುಂದಿನ ಗಾಮ್ಚಾನ್‌ಗೆ ಹೋಗುತ್ತಾರೆ. ಹಾಗೆ ಮಾಡಬೇಡಿ. ಜಪಾನ್ ಕೊರಿಯಾವನ್ನು ಆಳುತ್ತಿದ್ದಾಗ ಬುಸಾನ್‌ನಲ್ಲಿದ್ದ ಜಪಾನೀಯರ ಸ್ಮಶಾನ ಇದೇ ಗುಡ್ಡದಲ್ಲಿತ್ತು. 1945ರಲ್ಲಿ ಅವರು ಹೊರಟುಹೋದರು, ಗೋರಿಗಳು ಉಳಿದವು. ಐದಾರು ವರ್ಷದ ನಂತರ ಜಾಗವಿಲ್ಲದೆ ಬಂದ ನಿರಾಶ್ರಿತರು ಇಲ್ಲಿ ಡೇರೆ ಹಾಕಿದರು. ಗೋರಿಯ ಸುತ್ತಲಿನ ಕಲ್ಲಿನ ಕಟ್ಟೆಯೇ ಮನೆಯ ಪಾಯವಾಯಿತು. ಹೆಸರು ಕೆತ್ತಿದ ಕಲ್ಲುಗಳು ಮೆಟ್ಟಿಲಾದವು, ಗೋಡೆಯಾದವು.

ಒಂದು ಮನೆಯ ಮೂಲೆಯಲ್ಲಿ ಗ್ಯಾಸ್ ಸಿಲಿಂಡರ್ ನಿಂತಿತ್ತು. ಅದರ ಕೆಳಗೆ ಬೂದುಬಣ್ಣದ ಉದ್ದ ಕಲ್ಲು, ಬದಿಯಲ್ಲಿ ಸವೆದ ಅಕ್ಷರಗಳು. ಪಕ್ಕದಲ್ಲೇ ತೊಳೆದಿಟ್ಟ ಕಿಮ್ಚಿ ಭರಣಿ, ಪುಟ್ಟ ಮಗುವಿನ ಸೈಕಲ್. ಕಲ್ಲಿನ ಮೇಲೆ ಕೈ ಇಡಲು ಮನಸ್ಸಾಗಲಿಲ್ಲ. ಇದು ಸತ್ತವರ ಅವಮಾನ ಎಂದು ಯಾರಿಗಾದರೂ ಅನ್ನಿಸಬಹುದು. ನನಗೆ ಹಾಗನ್ನಿಸಲಿಲ್ಲ. ಮಳೆಗಾಲ ತಲೆಯ ಮೇಲಿರುವಾಗ, ಮಕ್ಕಳನ್ನು ಕಟ್ಟಿಕೊಂಡು ಬಂದ ತಾಯಿಗೆ ಗಟ್ಟಿ ಕಲ್ಲೊಂದು ಸಿಕ್ಕರೆ ಆಕೆ ಅದನ್ನು ಬಳಸುತ್ತಾಳೆ, ಬಳಸಬೇಕು. ಮತ್ತು ಇಲ್ಲಿನವರು ಮರೆತಿಲ್ಲ. ಹಬ್ಬದ ದಿನ ತಮ್ಮ ಹಿರಿಯರಿಗೆ ಎಡೆ ಇಡುವಾಗ ಕಲ್ಲಿನೊಡೆಯರಿಗೂ ಒಂದು ತಟ್ಟೆ ಇಡುವ ಮನೆಗಳಿವೆ ಎಂದು ದಾರಿ ತೋರಿಸಿದ ಹೆಂಗಸು ಹೇಳಿದರು. ಜನ ಇನ್ನೂ ವಾಸ ಮಾಡುವ ಜಾಗ ಇದು. ದನಿ ತಗ್ಗಿಸಿ ನಡೆಯಿರಿ, ಕಿಟಕಿಗಳತ್ತ ಕ್ಯಾಮೆರಾ ಹಿಡಿಯಬೇಡಿ.

ಅಲ್ಲಿಂದ ಏರು ಹತ್ತಿ ಸ್ವಲ್ಪ ನಡೆದರೆ ಗಾಮ್ಚಾನ್. ಬಣ್ಣಬಣ್ಣದ ಮನೆಗಳು ಬಟ್ಟಲಿನಂಥ ಕಣಿವೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕೂತಿವೆ. ತೆಗುಕ್‌ದೊ ಎಂಬ ಪಂಥದ ಅನುಯಾಯಿಗಳು 1955ರ ಸುಮಾರಿಗೆ ಇಲ್ಲಿ ನೆಲೆಸಿದರು. ಮುಂದಿನ ಮನೆ ಹಿಂದಿನ ಮನೆಯ ನೋಟಕ್ಕೆ ಅಡ್ಡ ಬರಬಾರದು ಎಂಬ ಕ್ರಮದಲ್ಲಿ ಕಟ್ಟಿದ ಊರು. 2009ರಲ್ಲಿ ಕಲಾವಿದರ ಯೋಜನೆಯೊಂದು ಬಂದು ಗೋಡೆಗಳಿಗೆ ಚಿತ್ರ, ಮೂಲೆಗಳಿಗೆ ಶಿಲ್ಪ ಬಂದವು, ಪ್ರವಾಸಿಗರೂ ಬಂದರು. 'ಪುಟ್ಟ ರಾಜಕುಮಾರ' ಎಂಬ ಫ್ರೆಂಚ್ ಕಥೆಯ ಹುಡುಗನ ಗೊಂಬೆಯ ಪಕ್ಕ ಕೂತು ಫೋಟೊ ತೆಗೆಸಿಕೊಳ್ಳಲು ಉದ್ದ ಸರದಿ ಇತ್ತು. ಅದನ್ನು ಬಿಟ್ಟು ಕೆಳಗಿನ ಗಲ್ಲಿಗಳಿಗಿಳಿದರೆ ಜನವೇ ಇಲ್ಲ. ಸಂಜೆ ಐದೂವರೆಯ ಹೊತ್ತಿಗೆ ಬಿಸಿಲು ನೀಲಿ, ಹಸಿರು, ಹಳದಿ ಗೋಡೆಗಳ ಮೇಲಿಂದ ಒಂದೊಂದೇ ಸಾಲು ಬಿಟ್ಟು ಮೇಲಕ್ಕೆ ಸರಿಯಿತು. ಕತ್ತಲಾದ ಮೇಲೆ ಅಂಗಡಿಗಳು ಮುಚ್ಚುತ್ತವೆ, ಮೆಟ್ಟಿಲುಗಳಲ್ಲಿ ಬೆಳಕು ಕಡಿಮೆ. ಬೆಳಕಿರುವಾಗಲೇ ಬಸ್ ಸ್ಟಾಪಿಗೆ ಹತ್ತಿಬಿಡಿ.

ರಾತ್ರಿ, ಗೋಧಿ ನೂಡಲ್ಸ್

ಹಗಲಿಡೀ ಹತ್ತಿಳಿದ ಕಾಲಿಗೆ ತಣ್ಣನೆಯ ಊಟ ಬೇಕೆನ್ನಿಸಿ ನಾಂಪೊದ ಒಂದು ಹಳೆಯ ಮಿಲ್ಮ್ಯಾನ್, ಅಂದರೆ ಗೋಧಿ ನೂಡಲ್ಸಿನ, ಅಂಗಡಿಗೆ ಹೋದೆ. ಕೂತ ತಕ್ಷಣ ಕೆಟಲಿನಲ್ಲಿ ಬಿಸಿ ಮಾಂಸದ ಸಾರು, ಕುಡಿಯಲು. ಆಮೇಲೆ ಐಸ್ ತೇಲುವ ಸಾರಿನಲ್ಲಿ ತೆಳು ನೂಡಲ್ಸ್, ಮೇಲೆ ಖಾರದ ಮುದ್ದೆ, ಸೌತೆಕಾಯಿ, ಅರ್ಧ ಮೊಟ್ಟೆ. ಉತ್ತರದವರ ಊರಿನ ತಣ್ಣನೆಯ ನೂಡಲ್ಸಿಗೆ ಬಕ್‌ವೀಟ್ ಎಂಬ ಧಾನ್ಯದ ಹಿಟ್ಟು, ಆಲೂಗಡ್ಡೆಯ ಪಿಷ್ಟ ಬೇಕು. ಯುದ್ಧದ ಬುಸಾನ್‌ನಲ್ಲಿ ಅವು ಸಿಗಲಿಲ್ಲ, ಸಿಕ್ಕಿದ್ದು ಅಮೆರಿಕದ ನೆರವಿನ ಗೋಧಿ ಹಿಟ್ಟು. ಅದರಲ್ಲೇ ಮಾಡಿಕೊಂಡರು. ಒಡತಿ ಬಂದು ದೊಡ್ಡ ಕತ್ತರಿಯಲ್ಲಿ ನನ್ನ ನೂಡಲ್ಸನ್ನು ಅಡ್ಡಕ್ಕೆ ಉದ್ದಕ್ಕೆ ಕತ್ತರಿಸಿ, ವಿನೆಗರ್, ಸಾಸಿವೆ ತೋರಿಸಿದರು.

ನಾಳೆ ಎಲ್ಲಿಗೆ ಎಂದು ಕೇಳಿದರು. ಗಿಮ್ಹೇಗೆ ಅಂದೆ. ಬುಸಾನ್‌ಗೆ ಅಂಟಿಕೊಂಡ ಊರು ಅದು. ಕ್ರಿ.ಶ. 48ರಲ್ಲಿ ಅಯುತ ಎಂಬ ರಾಜ್ಯದಿಂದ ಹಡಗಿನಲ್ಲಿ ಬಂದು ಸುರೋ ರಾಜನನ್ನು ಮದುವೆಯಾದಳೆಂದು ಹಳೆಯ ಗ್ರಂಥ ಹೇಳುವ ರಾಣಿ ಹೊ ಹ್ವಾಂಗ್-ಓಕ್‌ಳ ಗೋರಿ ಅಲ್ಲಿದೆ. ಅಯುತ ಎಂದರೆ ನಮ್ಮ ಅಯೋಧ್ಯೆ ಎಂದು ಅಲ್ಲಿನವರು ಬಹಳ ಮಂದಿ ನಂಬುತ್ತಾರೆ. ಒಡತಿ ಕತ್ತರಿ ಹಿಡಿದೇ ಒಳಗೆ ತಿರುಗಿ ಗಂಡನನ್ನು ಕರೆದರು. ಅವರು ಗಿಮ್ಹೇ ಕಿಮ್ ವಂಶದವರು, ಅಂದರೆ ಆ ರಾಜರಾಣಿಯರ ಸಂತತಿ. "ಹಾಗಾದರೆ ಇವಳು ನಮ್ಮ ಅಜ್ಜಿಯ ತವರಿನವಳು!" ಎಂದರು ಆ ಮನುಷ್ಯ, ಪೂರ್ತಿ ನಿಜದ ದನಿಯಲ್ಲಿ. ಒಂದು ತಟ್ಟೆ ಮಾಂಡು, ಬಿಸಿ ಕಡುಬು, ನನ್ನ ಮುಂದೆ ಬಂತು, ಲೆಕ್ಕಕ್ಕೆ ಸೇರಿಸಲಿಲ್ಲ. ಆಮೇಲೆ ನನ್ನ ಫೋನನ್ನು ತೆಗೆದುಕೊಂಡು ನೇವರ್ ಮ್ಯಾಪಿನಲ್ಲಿ ತಾವೇ ಹುಡುಕಿ ತೋರಿಸಿದರು: ಸಾಸಾಂಗ್‌ನಲ್ಲಿ ಲೈಟ್ ರೈಲು ಹತ್ತು, ಸುರೋ ರಾಜನ ಗೋರಿಯ ಹೆಸರಿನ ನಿಲ್ದಾಣದಲ್ಲಿ ಇಳಿ, ಮೊದಲು ರಾಜನ ಗೋರಿ, ಆಮೇಲೆ ರಾಣಿಯದು, ಅಲ್ಲೇ ಪಕ್ಕದಲ್ಲಿ ಆಕೆ ಹಡಗಿನಲ್ಲಿ ತಂದ ಕಲ್ಲಿನ ಪಗೋಡ ಇದೆ, ಅದನ್ನು ನೋಡದೆ ಬರಬೇಡ, ಭಾನುವಾರ ಜನ ಜಾಸ್ತಿ, ಬೇಗ ಹೊರಡು.